ಎಡಗೈಗೆ ಸುಮ್ಮನಿರೋದು ಕಲಿಸಿದ್ದು

ದಾವಣಗೆರೆಯಲ್ಲಿ ಕೀಬೋರ್ಡ್ ನುಡಿಸುವವನಿಗೆ ಕೆಲಸ ಅಂದ್ರೆ ಮದುವೆ ಆರತಕ್ಷತೆ, ಗಣೇಶನ ಹಬ್ಬದ ಆರ್ಕೆಸ್ಟ್ರಾ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ನಾನೂ ಅದರಲ್ಲೇ ಬೆಳೆದವನು. ಜಾಝ್, ಮತ್ತೆ ಕುಣಿಸುವ ಲಯದ ಫಂಕ್ ಎಂಬ ಅಮೆರಿಕದ ಸಂಗೀತದ ಕಡೆ ನಾನು ತಿರುಗಿದ್ದು ಒಂದು ಆರತಕ್ಷತೆಯ ಫಜೀತಿಯಿಂದ.

ಅವತ್ತು ಹಾಡಿನ ಕೆಳಗೆ ದಪ್ಪ ಸ್ವರ ಹಿಡಿಯುವ ಬೇಸ್ ಗಿಟಾರಿನವನು ಬರಲಿಲ್ಲ. ಕೀಬೋರ್ಡನ್ನು ಸ್ಪ್ಲಿಟ್ ಮಾಡಿ ಎಡಗಡೆ ಬೇಸ್, ಬಲಗಡೆ ಪಿಯಾನೊ ಇಟ್ಟುಕೊಂಡೆ. ಬೇಸ್ ಕಡಿಮೆ ಬೀಳಬಾರದು ಅಂತ ಎಡಗೈ ನಿಲ್ಲಿಸಲೇ ಇಲ್ಲ. ಮೂರನೇ ಹಾಡು ಮುಗಿದ ಮೇಲೆ ಹಾಡುವ ಅಕ್ಕ ಹತ್ತಿರ ಬಂದು, "ತಮ್ಮಾ, ಉಸಿರು ತಗೊಳ್ಳೋಕಾದ್ರೂ ಜಾಗ ಬಿಡಪ್ಪಾ" ಅಂದರು.

ಆ ಮಾತು ಬಹಳ ದಿನ ಕಾಡಿತು. ಕೀಬೋರ್ಡಿನಲ್ಲೇ ಬೇಸ್ ನುಡಿಸುವವರನ್ನು ಹುಡುಕುತ್ತಾ ಹೋದಾಗ ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾಂಕಾಕ್ ಸಿಕ್ಕರು. ಷಿಕಾಗೋದವರು. 11ನೇ ವಯಸ್ಸಿಗೇ ಸಿಂಫನಿ ಆರ್ಕೆಸ್ಟ್ರಾ ಜೊತೆ ಮೊಜಾರ್ಟ್ ನುಡಿಸಿದ್ದರು. 1963ರಲ್ಲಿ ಜಾಝ್ ಟ್ರಂಪೆಟ್ ದಿಗ್ಗಜ ಮೈಲ್ಸ್ ಡೇವಿಸ್ ತಂಡ ಸೇರಿದರು. ಇಷ್ಟೆಲ್ಲಾ ಆದವರು 1973ರಲ್ಲಿ 'ಹೆಡ್ ಹಂಟರ್ಸ್' ಆಲ್ಬಮ್ ಮಾಡಿ ಫಂಕ್ ನುಡಿಸಿದರು! ಅದರ ಮೊದಲ ಟ್ರ್ಯಾಕ್ 'ಕಮೀಲಿಯನ್' 15 ನಿಮಿಷಕ್ಕೂ ಜಾಸ್ತಿ ಇದೆ. ಶುರುವಿನ ಬೇಸ್ ಗಿಟಾರಿನದಲ್ಲ, ಎಆರ್‌ಪಿ ಒಡಿಸ್ಸಿ ಸಿಂಥಸೈಜರಿನಲ್ಲಿ, ಅಂದ್ರೆ ಸ್ವರವನ್ನು ವಿದ್ಯುತ್ತಿನಿಂದ ಹುಟ್ಟಿಸುವ ಕೀಬೋರ್ಡಿನಲ್ಲಿ, ಅವರೇ ನುಡಿಸಿದ್ದು. ನಾಲ್ಕಾರು ಸ್ವರ, ನಡುವೆ ಖಾಲಿ ಜಾಗ. ಕುಣಿಸೋದು ಆ ಖಾಲಿ ಜಾಗವೇ.

ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ಬಹಳ ಹೊತ್ತು ನಿಲ್ಲುತ್ತಾರೆ. ಅವುಗಳ ಸ್ವರ ಬಿಡಿಸಿ ಬರೆದೆ. ಗ ಕೋಮಲ, ನಿ ಕೋಮಲ, ಧ ಶುದ್ಧ. ರಿ ಒಂದು ಸೇರಿಸಿದರೆ ನಮ್ಮ ಕಾಫಿ ರಾಗ ಅಲ್ವಾ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಲಯ ಮಾತ್ರ ಕಷ್ಟವಾಯಿತು. ಫಂಕ್‌ನಲ್ಲಿ ನಾಲ್ಕು ಬೀಟನ್ನು 16 ಭಾಗ ಮಾಡಿ ಎಣಿಸುತ್ತಾರೆ, ಮೊದಲ ಏಟಿಗೆ ತೂಕ ಜಾಸ್ತಿ. ತೀನ್‌ತಾಲದ ಸಮ್ (ಮೊದಲ ಮಾತ್ರೆ) ಇದ್ದ ಹಾಗೆ. ಮೊಬೈಲಿನಲ್ಲಿ ತಾಳ ಬಡಿಯುವ ಮೆಟ್ರೊನೋಮ್ ಆ ಒಂದಕ್ಕೆ ಮಾತ್ರ ಬಡಿಯೋ ಹಾಗೆ ಇಟ್ಟುಕೊಂಡು, ಉಳಿದ 15 ನಾನೇ ಎಣಿಸುತ್ತಾ ಎರಡು ತಿಂಗಳು ಎಡಗೈ ಒಂದನ್ನೇ ಸಾಧನೆ ಮಾಡಿದೆ.

ಆಮೇಲೆ ಮೀಂಡ್, ಅಂದ್ರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು. ಕೀಬೋರ್ಡಿನಲ್ಲಿ ಸ್ವರ ಜಾರಿಸುವ ಪಿಚ್ ಬೆಂಡ್ ವೀಲ್ ಸಾಮಾನ್ಯವಾಗಿ ಸ್ವರವನ್ನು ಎರಡು ಸೆಮಿಟೋನ್, ಅಂದ್ರೆ ಎರಡು ಅರ್ಧ ಸ್ವರದಷ್ಟು, ಏರಿಸುತ್ತದೆ. ಕೋಮಲ ಗ ಒತ್ತಿ ವೀಲನ್ನು ಪೂರ್ತಿ ತಳ್ಳಿದರೆ ಸರಿಯಾಗಿ ಮ ಮುಟ್ಟುತ್ತದೆ. ಆದರೆ ವೀಲ್ ಇರೋದು ಎಡಗಡೆ, ಎಡಗೈ ಬೇಸ್ ಮೇಲಿದೆ. ಹಾಗಾಗಿ ಬೇಸ್ ಸುಮ್ಮನಿರುವ ಜಾಗದಲ್ಲೇ ಕೈ ವೀಲಿಗೆ ಹೋಗಿ, ಮೀಂಡ್ ಎಳೆದು, ಮುಂದಿನ ಮೊದಲ ಏಟಿಗೆ ವಾಪಸ್ ಬರಬೇಕು. ಮೊದಲೆಲ್ಲ ಆ ಜಾಗ ನಾನು ಬಿಡುತ್ತಲೇ ಇರಲಿಲ್ಲ.

ಈಗ ಆರ್ಕೆಸ್ಟ್ರಾದಲ್ಲಿ ತತ್ವಪದ ಬಂದರೆ ಹೀಗೇ ನುಡಿಸುತ್ತೇನೆ. ಅಕ್ಕ ಆಲಾಪಕ್ಕೆ ಜಾಗ ಸಿಕ್ಕಿತು ಅಂತ ಇನ್ನೊಂದು ಸುತ್ತು ಹಾಡುತ್ತಾರೆ. ವೇಗ ಜಾಸ್ತಿಯಾದರೆ ಇವತ್ತಿಗೂ ಕೈ ವಾಪಸ್ ಬರೋದು ತಡವಾಗುತ್ತದೆ. ಅಂಥ ಹಾಡಿಗೆ ಮೀಂಡ್ ಬಿಟ್ಟು ಬೇಸನ್ನೇ ಉಳಿಸಿಕೊಳ್ಳುತ್ತೇನೆ.