ಟರ್ಮಿನಲ್‌ನಲ್ಲಿ ಮೌಸ್ ಯಾರ ಮಾತು ಕೇಳಬೇಕು?

ಕಲಬುರಗಿಯ ಲ್ಯಾಬ್‌ಗಳಲ್ಲಿ ಲಿನಕ್ಸ್ ಕಲಿಯುವ ಹುಡುಗ ಹುಡುಗಿಯರು ಹೆಚ್ಚಾಗಿ ಹೇಳುವ ಮಾತು ಇದು: ‘ಸರ್, ಪೇಸ್ಟ್ ಆಗವಲ್ದು ನೋಡ್ರಿ.’ ವಿಂಡೋಸ್ ಕಂಪ್ಯೂಟರ್‌ನಿಂದ ಪುಟ್ಟಿ ಎಂಬ ಟರ್ಮಿನಲ್ ತಂತ್ರಾಂಶದ ಮೂಲಕ ದೂರದ ಸರ್ವರ್‌ಗೆ ಲಾಗಿನ್ ಆಗಿ, ವಿಮ್ ಎಂಬ ಟೆಕ್ಸ್ಟ್ ಎಡಿಟರ್ ತೆರೆದು ರೈಟ್ ಕ್ಲಿಕ್ ಮಾಡುತ್ತಾರೆ. ಕಾಪಿ ಮಾಡಿಟ್ಟ ಕೋಡ್ ಬರುವುದಿಲ್ಲ, ಪರದೆಯ ತಳದಲ್ಲಿ ‘ವಿಶುವಲ್’ (ಪಠ್ಯ ಆಯ್ಕೆ ಮಾಡುವ ಮೋಡ್) ಎಂದು ಮೂಡುತ್ತದೆ. ಏನೂ ಕೆಟ್ಟಿಲ್ಲ. ಟರ್ಮಿನಲ್‌ಗೆ, ಅಂದರೆ ಆದೇಶ ಟೈಪ್ ಮಾಡುವ ಪುಟ್ಟಿಯ ಕಿಟಕಿಗೆ, ಹೋಗಬೇಕಿದ್ದ ಕ್ಲಿಕ್ಕನ್ನು ವಿಮ್ ತೆಗೆದುಕೊಂಡಿದೆ.

2016ರಲ್ಲಿ ಬಂದ ವಿಮ್ 8.0 ಈ ಬದಲಾವಣೆ ತಂದಿತು. ಬಳಕೆದಾರರ ಸ್ವಂತ ಸೆಟ್ಟಿಂಗ್ ಫೈಲ್ ಇಲ್ಲದಿದ್ದರೆ ಅದು ‘ಡಿಫಾಲ್ಟ್ಸ್.ವಿಮ್’ ಎಂಬ ಫೈಲನ್ನು ತಾನೇ ಓದಿಕೊಳ್ಳುತ್ತದೆ. ಮೌಸ್ ಚಾಲೂ ಆಗುವುದು ಅದರಿಂದಲೇ. ಹೊಸದಾಗಿ ಕಲಿಯುವವರ ಅನುಕೂಲಕ್ಕೆಂದು ಮಾಡಿದ್ದು. ಆದರೆ ದೂರದ ಸರ್ವರ್‌ನಲ್ಲಿ ಕೆಲಸ ಮಾಡುವ ಹೊಸಬರಿಗೇ ಇದು ಹೆಚ್ಚು ತೊಡಕಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಈಗಿನ ಸ್ಥಿತಿ ನೋಡಿ. ವಿಮ್‌ನಲ್ಲಿ ಎಸ್ಕೇಪ್ ಒತ್ತಿ, ಕೋಲನ್ ಹಾಕಿ ‘ವರ್ಬೋಸ್ ಸೆಟ್ ಮೌಸ್?’ ಎಂದು ಟೈಪ್ ಮಾಡಿ. (ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಆದೇಶಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಒತ್ತಬೇಕು.) ಮೌಸ್‌ನ ಈಗಿನ ಸೆಟ್ಟಿಂಗ್ ಜೊತೆಗೆ ಅದನ್ನು ಯಾವ ಫೈಲ್ ಇಟ್ಟಿತು ಎಂಬುದೂ ಕಾಣುತ್ತದೆ.

ಈಗ ನಿಮಗೆ ಏನು ಬೇಕು ಎಂದು ತೀರ್ಮಾನಿಸಿ. ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಕೋಡ್ ಬರೆಯುವವರಿಗೆ ‘ಸೆಟ್ ಮೌಸ್=ಎ’ ಹಿತ; ಆಗ ಎಲ್ಲ ಮೋಡ್‌ಗಳಲ್ಲೂ ಮೌಸ್ ವಿಮ್‌ನದು. ಕ್ಲಿಕ್ ಮಾಡಿದಲ್ಲಿ ಕರ್ಸರ್ ಹೋಗುತ್ತದೆ, ಪರದೆ ಎರಡು ಭಾಗವಾಗಿದ್ದರೆ ನಡುವಿನ ಗೆರೆಯನ್ನು ಎಳೆಯಬಹುದು, ಆಯ್ಕೆ ಮಾಡುವಾಗ ಸಾಲಿನ ಸಂಖ್ಯೆಗಳು ಜೊತೆಗೆ ಬರುವುದಿಲ್ಲ. ಹೀಗೆ ಆಯ್ದು ವಿಮ್‌ನಲ್ಲಿ ಕಾಪಿ ಮಾಡಿದ್ದು ಬ್ರೌಸರ್‌ಗೂ ಸಿಗಬೇಕಾದರೆ ವಿಮ್‌ಗೆ ಕ್ಲಿಪ್‌ಬೋರ್ಡ್ ಸೌಲಭ್ಯ ಇರಬೇಕು. ಟರ್ಮಿನಲ್‌ನಲ್ಲಿ ‘ವಿಮ್ --ವರ್ಷನ್’ ಕೊಟ್ಟಾಗ ಕ್ಲಿಪ್‌ಬೋರ್ಡ್ ಪದದ ಹಿಂದೆ ಪ್ಲಸ್ ಇದೆಯೋ ಮೈನಸ್ ಇದೆಯೋ ನೋಡಿ. ಉಬುಂಟು ಲಿನಕ್ಸ್‌ನ ಸಾದಾ ವಿಮ್‌ನಲ್ಲಿ ಮೈನಸ್ ಇರುತ್ತದೆ. ‘ವಿಮ್-ಜಿಟಿಕೆ3’ ಪ್ಯಾಕೇಜ್ ಹಾಕಿಕೊಂಡರೆ ಸರಿಯಾಗುತ್ತದೆ.

ಸದಾ ಸರ್ವರ್‌ನಲ್ಲೇ ಇರುವವರು ‘ಸೆಟ್ ಮೌಸ್=’ ಎಂದು ಬರೆದು ಸಮ ಚಿಹ್ನೆಯ ಮುಂದೆ ಖಾಲಿ ಬಿಡಲಿ. ಆಗ ಮೌಸ್ ಪೂರ್ತಿ ಟರ್ಮಿನಲ್‌ನದು.

ಇವೆರಡರ ನಡುವೆ ಒಂದು ದಾರಿ ಇದೆ, ವಿದ್ಯಾರ್ಥಿಗಳಿಗೆ ನಾನು ಹೇಳುವುದು ಅದನ್ನೇ: ‘ಸೆಟ್ ಮೌಸ್=ಎನ್‌ವಿ’. ಎನ್ ಎಂದರೆ ನಾರ್ಮಲ್ ಮೋಡ್ (ಆದೇಶ ಕೊಡುವ ಸ್ಥಿತಿ), ವಿ ಎಂದರೆ ವಿಶುವಲ್ ಮೋಡ್. ಫೈಲ್ ಓದುತ್ತಾ ಸುತ್ತಾಡುವಾಗ ಮೌಸ್ ವಿಮ್ ಮಾತು ಕೇಳುತ್ತದೆ. ‘ಐ’ ಒತ್ತಿ, ಟೈಪ್ ಮಾಡುವ ಇನ್ಸರ್ಟ್ ಮೋಡ್‌ಗೆ ಬಂದ ಕೂಡಲೇ ಟರ್ಮಿನಲ್‌ಗೆ ಮರಳುತ್ತದೆ. ಪೇಸ್ಟ್ ಬೇಕಾಗುವುದು ಇನ್ಸರ್ಟ್ ಮೋಡ್‌ನಲ್ಲೇ ತಾನೆ? ಪುಟ್ಟಿಯ ರೈಟ್ ಕ್ಲಿಕ್ ಅಲ್ಲಿ ಎಂದಿನಂತೆ ಕೆಲಸ ಮಾಡುತ್ತದೆ. ವಿಮ್‌ನಿಂದ ಕವಲೊಡೆದ ನಿಯೋವಿಮ್ ಎಡಿಟರ್ 2022ರ 0.8 ಆವೃತ್ತಿಯಿಂದ ‘ಎನ್‌ವಿಐ’ಯನ್ನು ಡಿಫಾಲ್ಟ್ ಮಾಡಿಕೊಂಡಿದೆ. ಅಲ್ಲಿ ಇನ್ಸರ್ಟ್ ಮೋಡ್‌ನಲ್ಲೂ ಮೌಸ್ ಎಡಿಟರ್‌ನದೇ; ಟರ್ಮಿನಲ್ ರೀತಿಯಲ್ಲಿ ಕಾಪಿ ಬೇಕೆಂದರೆ ಕೋಲನ್ ಒತ್ತಿ, ಆಯ್ದು, ಎಸ್ಕೇಪ್ ಒತ್ತಬೇಕು.

ಯಾವ ಸೆಟ್ಟಿಂಗ್ ಇದ್ದರೂ ತುರ್ತಿಗೆ ಶಿಫ್ಟ್ ಕೀ ಇದೆ. ಅದನ್ನು ಒತ್ತಿ ಹಿಡಿದು ಕ್ಲಿಕ್ ಮಾಡಿದರೆ ಪುಟ್ಟಿಯಲ್ಲೂ ಲಿನಕ್ಸ್‌ನ ಗ್ನೋಮ್ ಟರ್ಮಿನಲ್‌ನಲ್ಲೂ ಕ್ಲಿಕ್ ಎಡಿಟರ್‌ಗೆ ಹೋಗುವುದಿಲ್ಲ. ಬೇರೆಯವರ ಸರ್ವರ್‌ನಲ್ಲಿ ಸೆಟ್ಟಿಂಗ್ ಮುಟ್ಟದೆ ಕೆಲಸ ಮುಗಿಸಲು ಇದೊಂದೇ ಸಾಕು.

ಆಯ್ಕೆಯನ್ನು ಕಾಯಂ ಮಾಡಲು ಹೋಮ್ ಫೋಲ್ಡರ್‌ನ ‘.ವಿಮ್‌ಆರ್‌ಸಿ’ ಫೈಲ್‌ನಲ್ಲಿ ಬರೆಯಬೇಕು. ಆ ಫೈಲ್ ಹುಟ್ಟಿದೊಡನೆ ಡಿಫಾಲ್ಟ್ಸ್.ವಿಮ್ ಓದುವುದು ನಿಲ್ಲುತ್ತದೆ, ಕೋಡ್‌ನ ಬಣ್ಣಗಳೂ ಮಾಯವಾಗಬಹುದು. ಹಾಗಾಗಿ ಮೊದಲ ಸಾಲಿನಲ್ಲಿ ‘ರನ್‌ಟೈಮ್ ಡಿಫಾಲ್ಟ್ಸ್.ವಿಮ್’, ಎರಡನೆಯದರಲ್ಲಿ ನಿಮ್ಮ ಮೌಸ್ ಸಾಲು. ಕ್ರಮ ಅದಲುಬದಲಾದರೆ ಡಿಫಾಲ್ಟ್ ಬಂದು ನಿಮ್ಮದನ್ನು ಅಳಿಸುತ್ತದೆ.

ಇಡೀ ಲ್ಯಾಬ್‌ಗೆ ಒಂದೇ ವ್ಯವಸ್ಥೆ ಮಾಡುವವರು ಇಲ್ಲಿ ಎಚ್ಚರ ವಹಿಸಬೇಕು. ಉಬುಂಟು, ಡೆಬಿಯನ್‌ಗಳಲ್ಲಿ ‘/ಇಟಿಸಿ/ವಿಮ್/ವಿಮ್‌ಆರ್‌ಸಿ.ಲೋಕಲ್’ ಫೈಲ್‌ಗೆ ಬರೀ ಮೌಸ್ ಸಾಲು ಸೇರಿಸಿದರೆ ಫಲವಿಲ್ಲ. ಸ್ವಂತ ಫೈಲ್ ಇಲ್ಲದ ವಿದ್ಯಾರ್ಥಿಗೆ ಡಿಫಾಲ್ಟ್ಸ್.ವಿಮ್ ಅದಾದ ಮೇಲೆ ಬರುತ್ತದೆ, ಮೌಸನ್ನು ಮತ್ತೆ ಚಾಲೂ ಮಾಡುತ್ತದೆ. ಅಲ್ಲಿ ಮೂರು ಸಾಲು ಬೇಕು: ‘ರನ್‌ಟೈಮ್ ಡಿಫಾಲ್ಟ್ಸ್.ವಿಮ್’, ಆಮೇಲೆ ‘ಲೆಟ್ ಸ್ಕಿಪ್_ಡಿಫಾಲ್ಟ್ಸ್_ವಿಮ್=1’, ಕೊನೆಗೆ ‘ಸೆಟ್ ಮೌಸ್=ಎನ್‌ವಿ’. ನಡುವಿನ ಸಾಲು ಅದೇ ಫೈಲ್ ಎರಡನೇ ಸಲ ಬಾರದಂತೆ ತಡೆಯುತ್ತದೆ. ಇಷ್ಟಾದ ಮೇಲೆ ನಿಮ್ಮ ಖಾತೆಯಿಂದ ಪರೀಕ್ಷಿಸಬೇಡಿ, ಅದರಲ್ಲಿ ನಿಮ್ಮದೇ .ವಿಮ್‌ಆರ್‌ಸಿ ಇರುತ್ತದೆ. ಹೊಸ ವಿದ್ಯಾರ್ಥಿಯ ಖಾಲಿ ಖಾತೆಯಿಂದ ಲಾಗಿನ್ ಆಗಿ, ವಿಮ್ ತೆರೆದು, ‘ಐ’ ಒತ್ತಿ, ರೈಟ್ ಕ್ಲಿಕ್ ಮಾಡಿ ನೋಡಿ.