ಕಾಫಿ ತೋಟದ ಅತ್ತಿಮರದಿಂದ ಆಹಾರ ಜಾಲ ಬರೆಯುವ ಬಗೆ

ಹುಲ್ಲು, ಮಿಡತೆ, ಕಪ್ಪೆ, ಹಾವು, ಗಿಡುಗ ಎಂಬ ಆಹಾರ ಸರಪಳಿಯನ್ನು ವಿಜ್ಞಾನ ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದವರೇ. ಮೂಡಿಗೆರೆ ಕಡೆಯ ತೋಟಗಳ ನಡುವೆ ಬೆಳೆದ ನನಗೆ ಆ ಪಾಠ ನಿಜವಾಗಿ ಅರ್ಥವಾದದ್ದು, ಒಂದೇ ಮರವನ್ನು ಆರಿಸಿಕೊಂಡು, ಕಣ್ಣಾರೆ ಕಂಡದ್ದರಿಂದ ಮಾತ್ರ, ಇಂತಹ ಹಲವು ಸರಪಳಿಗಳು ಹೆಣೆದುಕೊಂಡ ಆಹಾರ ಜಾಲವನ್ನು ರಚಿಸಬೇಕೆಂದು ನಮ್ಮ ಶಿಕ್ಷಕರು ಹೇಳಿದ ಮೇಲೆ. ಚಿಕ್ಕಮಗಳೂರು ಮತ್ತು ಹಾಸನದ ಮಲೆನಾಡಿನಲ್ಲಿ ಕಾಫಿಯನ್ನು ಮರಗಳ ನೆರಳಿನಲ್ಲಿಯೇ ಬೆಳೆಯುವುದರಿಂದ, ಈ ಅಭ್ಯಾಸಕ್ಕೆ ಬೇಕಾದ ಜೀವಿಗಳು ನಮ್ಮ ಮನೆಯ ಹಿಂದೆಯೇ ಇರುತ್ತವೆ.

ಮರವನ್ನು ಆರಿಸುವಾಗ ಅತ್ತಿ, ಬಸರಿ, ಗೋಣಿಯಂತಹ ಜಾತಿಗೆ ಮೊದಲ ಸ್ಥಾನ ಕೊಡಿ. ಕಾಡಿನ ಬೇರೆ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲಿಯೂ ಇವುಗಳಲ್ಲಿ ಯಾವುದಾದರೊಂದು ಹಣ್ಣು ಬಿಟ್ಟಿರುವುದುಂಟು. ಆದ್ದರಿಂದಲೇ ಹಕ್ಕಿಗಳೂ ಪ್ರಾಣಿಗಳೂ ಇವುಗಳನ್ನು ಹುಡುಕಿಕೊಂಡು ಬರುತ್ತವೆ. ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆಯೇ ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಅತ್ತಿ ನೋಡುವವರಿಗೆ ಬಹಳ ಅನುಕೂಲ.

ತೋಟಕ್ಕೆ ಇಳಿಯುವ ಮೊದಲು ಮಾಲೀಕರ ಒಪ್ಪಿಗೆ ಪಡೆದು, ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರನ್ನೋ ಕೆಲಸದವರನ್ನೋ ಆನೆಯ ಸುಳಿವಿದೆಯೇ ಎಂದು ಕೇಳಿಯೇ ಹೋಗಬೇಕು. ಆಲೂರು, ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಬ್ಬರೇ ಹೋಗಬೇಡಿ, ನಸುಕಿನಲ್ಲಿ ಮತ್ತು ಕತ್ತಲಾಗುವ ಹೊತ್ತಿನಲ್ಲಿ ಅಂತೂ ಬೇಡವೇ ಬೇಡ. ಚೆನ್ನಾಗಿ ಬೆಳಕಾದ ಮೇಲೆ, ಬಿಸಿಲೇರುವ ಮೊದಲಿನ ಬೆಳಗಿನ ಹೊತ್ತು ಹಕ್ಕಿ ನೋಡಲು ಒಳ್ಳೆಯದು.

ಮರದಿಂದ ಸ್ವಲ್ಪ ದೂರ ಕುಳಿತು, ಅರ್ಧ ಗಂಟೆ ಮಾತಿಲ್ಲದೆ ನೋಡಿ. ಪುಸ್ತಕದಲ್ಲಿ ದಿನಾಂಕ, ಸಮಯ, ಮೋಡವೋ ಬಿಸಿಲೋ ಎಂಬುದನ್ನು ಬರೆದ ಮೇಲೆ, ಬಂದ ಜೀವಿ ಯಾವುದು, ಏನು ಮಾಡಿತು, ಯಾವ ಭಾಗವನ್ನು ತಿಂದಿತು ಎಂಬುದನ್ನು ದಾಖಲಿಸಿ. ಕುಟ್ರುಹಕ್ಕಿ, ಪಿಕಳಾರ, ಮಂಗಟ್ಟೆ, ಕೆಂದಳಿಲು ಕಾಣಸಿಗಬಹುದು. ಹೆಸರು ತಿಳಿಯದಿದ್ದರೆ ಕೊಕ್ಕಿನ ಆಕಾರ, ಬಣ್ಣ, ಗಾತ್ರವನ್ನು ಬರೆದುಕೊಳ್ಳಿ. ಊಹೆಯ ಹೆಸರನ್ನು ಮಾತ್ರ ಬರೆಯಬೇಡಿ. ಏನೂ ಬಾರದ ದಿನವನ್ನೂ ಹಾಗೆಯೇ ದಾಖಲಿಸಬೇಕು.

ಅನಂತರ ನೆಲಕ್ಕೆ ಬಿದ್ದ ಹಣ್ಣೊಂದನ್ನೂ ಸ್ವಲ್ಪ ಎಳೆಯದಾದ ಕಾಯೊಂದನ್ನೂ ಹಿರಿಯರ ಸಹಾಯದಿಂದ ಬ್ಲೇಡಿನಲ್ಲಿ ಸೀಳಿ, ಭೂತಗನ್ನಡಿಯಲ್ಲಿ ನೋಡಿ. ಇಡೀ ಅಭ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂದು ಹೀಗಳೆಯುವವರಿದ್ದಾರೆ. ಆದರೆ ಆ ಹುಳುಗಳಲ್ಲಿ ಮರದ ಸಂತಾನಕ್ಕೆ ಕಾರಣವಾಗುವ ಪುಟ್ಟ ಕಣಜಗಳೂ ಇರುತ್ತವೆ. ಕಾಯಿಯ ಒಳಗೋಡೆಯ ತುಂಬ ಒತ್ತಾಗಿರುವುದು ಹೂವುಗಳು. ಕಾಯಿಯ ತುದಿಯಲ್ಲಿರುವ ಕಿರಿದಾದ ಬಾಯಿಯಿಂದ ಹೆಣ್ಣು ಕಣಜ ರೆಕ್ಕೆ ಕಳೆದುಕೊಂಡಾದರೂ ನುಸುಳಿ, ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂವುಗಳಿಗೆ ಮುಟ್ಟಿಸಿ, ಕೆಲವು ಹೂವುಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಅದರ ಮರಿಗಳಲ್ಲಿ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ಅವುಗಳಿಗೆ ಹೊರದಾರಿ ಮಾಡಿಕೊಡುತ್ತವೆ. ಹಾಗಾಗಿ ನಿಮ್ಮ ಜಾಲದಲ್ಲಿ ಅತ್ತಿ ಮತ್ತು ಕಣಜದ ನಡುವೆ, ತಿನ್ನುವ ಸಂಬಂಧದ ಜೊತೆಗೆ ಪರಾಗಸ್ಪರ್ಶದ ಗೆರೆಯನ್ನೂ ಬೇರೆ ಬಣ್ಣದಲ್ಲಿ ಎಳೆಯಿರಿ.

ಮರದ ಬುಡದ ತರಗೆಲೆಯನ್ನು ಕೈಯಿಂದಲ್ಲದೆ ಕಡ್ಡಿಯಿಂದ ಸರಿಸಿದರೆ ಅಣಬೆ, ಗೆದ್ದಲು, ಎರೆಹುಳು, ಚೋರಟೆ ಸಿಗುತ್ತವೆ. ಕೊಳೆಸುವ ಈ ಗುಂಪನ್ನು ನಕ್ಷೆಯಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಕಾಫಿ ಹಣ್ಣಿನ ಕಾಲದಲ್ಲಿ ಬಂಡೆಯ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ ಕಂಡರೆ ಅದು ಪುನುಗು ಬೆಕ್ಕಿನದಾಗಿರಬಹುದು. ‘ಕುರುಹು ಮಾತ್ರ’ ಎಂದು ಪಕ್ಕದಲ್ಲಿ ಬರೆಯಿರಿ.

ನಕ್ಷೆ ಬರೆಯುವಾಗ ಬಾಣದ ತುದಿ ಯಾವಾಗಲೂ ತಿನ್ನುವ ಜೀವಿಯ ಕಡೆಗಿರಲಿ, ಏಕೆಂದರೆ ಅದು ಶಕ್ತಿ ಹರಿಯುವ ದಿಕ್ಕು. ಒಂದು ಪೋಷಣಾ ಸ್ತರದಿಂದ, ಅಂದರೆ ಆಹಾರ ಸರಪಳಿಯ ಒಂದು ಹಂತದಿಂದ, ಮುಂದಿನದಕ್ಕೆ ಸರಾಸರಿ ಶೇಕಡ 10ರಷ್ಟು ಶಕ್ತಿ ಮಾತ್ರ ದಾಟುತ್ತದೆ ಎಂದು ನಾವು ಕಲಿತಿದ್ದೇವೆ. 1942ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಮಂಡಿಸಿದ ವಿಚಾರದಿಂದ ಬೆಳೆದ ನಿಯಮವಿದು. ಹಣ್ಣು ತಿನ್ನುವ ಹಕ್ಕಿಗಳು ಹಿಂಡಾಗಿ ಕಂಡರೂ ಅವುಗಳನ್ನು ಬೇಟೆಯಾಡುವ ಗಿಡುಗ ಅಪರೂಪವಾಗುವುದು ಏಕೆಂದು ನಿಮ್ಮ ಪಟ್ಟಿಯನ್ನೇ ಮುಂದಿಟ್ಟುಕೊಂಡು ತರಗತಿಯಲ್ಲಿ ಚರ್ಚಿಸಿ.

ಇದೇ ಕ್ರಮದಲ್ಲಿ ಹತ್ತಿರದ ಸಿಲ್ವರ್ ಓಕ್ ಮರವನ್ನೂ ನೋಡಿ. ಆಸ್ಟ್ರೇಲಿಯಾ ಮೂಲದ ಈ ಮರ ಮೆಣಸಿನ ಬಳ್ಳಿಗೆ ಆಸರೆ, ಕಾಫಿಗೆ ನೆರಳು. ಹೂ ಬಿಟ್ಟಾಗ ಮಕರಂದಕ್ಕೆ ಹಕ್ಕಿಗಳೂ ಬರುತ್ತವೆ. ಆದರೆ ಅತ್ತಿಯಂತೆ ತಿರುಳುಳ್ಳ ಹಣ್ಣು ಅದರಲ್ಲಿಲ್ಲ. ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟರೆ, ತೋಟದಲ್ಲಿ ಊರಿನ ಹಳೆಯ ಮರಗಳನ್ನು ಏಕೆ ಉಳಿಸಬೇಕು ಎಂಬ ಪ್ರಶ್ನೆಗೆ ನಿಮ್ಮದೇ ಪುರಾವೆ ಸಿಗುತ್ತದೆ.

ಗೂಡು, ಮೊಟ್ಟೆ, ಮರಿಗಳನ್ನು ಮುಟ್ಟಬೇಡಿ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದೊಳಗೆ ಇಂತಹ ಅಭ್ಯಾಸ ಮಾಡಬೇಕಾದರೆ ಶಾಲೆಯ ಮೂಲಕ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮಳೆಗಾಲ ಮುಗಿದ ಮೇಲೆ ಅದೇ ಮರದ ಬಳಿ ಮತ್ತೆ ಕುಳಿತು, ಹೊಸದಾಗಿ ಕಂಡ ಜೀವಿಗಳನ್ನು ಹಳೆಯ ನಕ್ಷೆಗೇ ಬೇರೆ ಶಾಯಿಯಲ್ಲಿ ಸೇರಿಸಿ.