ಪಿಕ್-3 ಟಿಕೆಟ್ಟೋ, ಪಾರ್ಲೇಯೋ: ಲೆಕ್ಕ ಹಾಕಿ ನೋಡುವುದು ಹೇಗೆ

ನ್ಯೂಯಾರ್ಕಿನ ಸಾರಾಟೋಗಾದಂಥ ಕುದುರೆ ರೇಸಿನ ಟ್ರ್ಯಾಕ್‌ನಲ್ಲಿ ಸಾಲಾಗಿ ಮೂರು ರೇಸುಗಳ ಮೇಲೆ ದುಡ್ಡು ಕಟ್ಟಲು ಎರಡು ದಾರಿಗಳಿವೆ. ಮೂರೂ ಕುದುರೆಗಳನ್ನು ಮೊದಲ ರೇಸಿಗೆ ಮುಂಚೆಯೇ ಒಂದು ಟಿಕೆಟ್‌ನಲ್ಲಿ ಹಾಕಿಸಿದರೆ ಅದು ಪಿಕ್-3. ಒಂದು ಕುದುರೆಗೆ ವಿನ್ (ಅದೇ ಮೊದಲು ಬರುತ್ತದೆ ಎಂದು) ಕಟ್ಟಿ, ಗೆದ್ದ ದುಡ್ಡನ್ನು ಪೂರ್ತಿಯಾಗಿ ಮುಂದಿನ ರೇಸಿಗೆ ಹಾಕುತ್ತ ಹೋದರೆ ಅದು ಪಾರ್ಲೇ. ಬೆಂಗಳೂರಿನ ರೇಸ್‌ಕೋರ್ಸ್ ಬಲ್ಲವರಿಗೆ ಪಿಕ್-3 ಅಂದರೆ ಟ್ರೆಬಲ್, ಪಿಕ್-5 ಅಂದರೆ ಜಾಕ್‌ಪಾಟ್.

ವ್ಯತ್ಯಾಸ ಇರುವುದು ಕಡಿತದಲ್ಲಿ. ಸಾರಾಟೋಗಾದಲ್ಲಿ ವಿನ್ ಪೂಲ್‌ನಿಂದ, ಅಂದರೆ ವಿನ್‌ಗೆ ಎಲ್ಲರೂ ಕಟ್ಟಿದ ಒಟ್ಟು ದುಡ್ಡಿನಿಂದ 16%, ಸಾಲಾಗಿ ಎರಡು ರೇಸುಗಳ ಡೈಲಿ ಡಬಲ್‌ನಿಂದ 18.5%, ಪಿಕ್-3 ಮತ್ತು ಪಿಕ್-4ರಿಂದ 24%, ಪಿಕ್-5ರಿಂದ 15% ಹಿಡಿದುಕೊಂಡು ಮಿಕ್ಕದ್ದನ್ನು ಗೆದ್ದವರಿಗೆ ಹಂಚುತ್ತಾರೆ. 24 ದೊಡ್ಡದಾಗಿ ಕಾಣುತ್ತದೆ, ಆದರೆ ಪಿಕ್-3ರಲ್ಲಿ ಕತ್ತರಿ ಬೀಳುವುದು ಒಂದೇ ಸಲ. ಪಾರ್ಲೇಯಲ್ಲಿ ಪ್ರತಿ ರೇಸಿಗೂ 16% ಹೋಗುತ್ತದೆ: 0.84 × 0.84 × 0.84 = 0.593. ಅಂದರೆ ಉಳಿಯುವುದು 59%, ಪಿಕ್-3ರಲ್ಲಿ 76%.

ಒಂದು ಉದಾಹರಣೆ ತೆಗೆದುಕೊಳ್ಳಿ. ಮೂರು ಕುದುರೆಗಳು 2 ಡಾಲರಿಗೆ ಕ್ರಮವಾಗಿ 7.00, 9.00, 5.60 ಕೊಟ್ಟವು ಎನ್ನಿ. ಒಂದು ಡಾಲರಿನ ಲೆಕ್ಕಕ್ಕೆ ಅರ್ಧ ಮಾಡಿ ಗುಣಿಸಿ: 3.5 × 4.5 × 2.8 = 44.1. ಎರಡು ಡಾಲರಿನ ಪಾರ್ಲೇಗೆ 88.20 ಬರುತ್ತದೆ. ಜನ ಪಿಕ್-3ರಲ್ಲೂ ಅದೇ ಪ್ರಮಾಣದಲ್ಲಿ ಕಟ್ಟಿದ್ದರೆ, ಪಾರ್ಲೇಯ ಕಡಿತ ತೆಗೆದು ಪಿಕ್-3ರ ಕಡಿತ ಹಾಕಿ 44.1 ÷ 0.593 × 0.76, ಅಂದರೆ 2 ಡಾಲರಿಗೆ ಸುಮಾರು 113 ಬರಬೇಕು. ಪ್ರತಿ ದಿನದ ಫಲಿತಾಂಶ ತೆಗೆದು ಹೀಗೆ ಗುಣಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪಿಕ್-3 ಪಾರ್ಲೇಗಿಂತ ಕಡಿಮೆ ಕೊಟ್ಟಿದ್ದರೆ ಎಲ್ಲರೂ ಅದೇ ಕುದುರೆಗಳನ್ನು ಹಾಕಿದ್ದರು ಎಂದರ್ಥ; ಫೇವರಿಟ್‌ಗಳೇ (ಜನ ಅತಿ ಹೆಚ್ಚು ದುಡ್ಡು ಕಟ್ಟಿದ ಕುದುರೆಗಳೇ) ಸಾಲಾಗಿ ಗೆದ್ದ ದಿನ ಇದು ಆಗುತ್ತಿರುತ್ತದೆ. ಒಂದೇ ಜೋಡಿಯಲ್ಲಿ ನಂಬಿಕೆ ಇದ್ದರೆ ಡೈಲಿ ಡಬಲ್ ನೋಡಿ. ಯಾವ ಜೋಡಿಗೆ ಎಷ್ಟು ಬರಬಹುದೆಂದು ಮೊದಲ ರೇಸಿಗೆ ಮುಂಚೆಯೇ ಪರದೆ ಮೇಲೆ ತೋರಿಸುತ್ತಾರೆ, ಊಹಿಸಬೇಕಿಲ್ಲ.

ಹೆಚ್ಚಿನವರು ಎಡವುವುದು ಟಿಕೆಟ್ ಬೆಲೆಯಲ್ಲಿ. ಪಿಕ್-4ರ ನಾಲ್ಕು ರೇಸುಗಳಿಗೆ ಕ್ರಮವಾಗಿ 3, 2, 4, 1 ಕುದುರೆ ಹಾಕಿದರೆ 24 ಜೋಡಣೆ, 50 ಸೆಂಟಿನಂತೆ 12 ಡಾಲರ್. ನಾಲ್ಕು ಕುದುರೆ ಇರುವ ಕಡೆ ಇನ್ನೊಂದು ಸೇರಿಸಿದರೆ 15 ಆಗುತ್ತದೆ. ಒಂದೇ ಇರುವ ಕಡೆ ಸೇರಿಸಿದರೆ ನೇರ 24. ಭಯಕ್ಕೆ ಸೇರಿಸುವ ಆ ಎರಡನೇ ಕುದುರೆಯೇ ಟಿಕೆಟ್ಟನ್ನು ಹಾಳು ಮಾಡುವುದು. ಗೆಲ್ಲುವ ಜೋಡಣೆಯ ಮೇಲೆ ನಿಮ್ಮದು ಬರೀ 50 ಸೆಂಟು ಇರುತ್ತದೆ ಎಂಬುದೂ ನೆನಪಿರಲಿ. 12 ಡಾಲರಿನ ಟಿಕೆಟ್ಟನ್ನು 2 ಡಾಲರಿನ ಪಾರ್ಲೇ ಜೊತೆ ಹೋಲಿಸಬೇಡಿ, ಅದೇ 12ನ್ನು ಪಾರ್ಲೇಗೆ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿಕೊಳ್ಳಿ.

ಪಾರ್ಲೇಗೂ ಅದರದೇ ಜಾಗ ಇದೆ. ಪ್ರತಿ ರೇಸಿಗೆ ಮುಂಚೆ ದರ ನೋಡಬಹುದು, ಕುದುರೆ ಪ್ಯಾಡಕ್‌ನಲ್ಲಿ (ರೇಸಿಗೆ ಮುಂಚೆ ಕುದುರೆಗಳನ್ನು ಸಜ್ಜು ಮಾಡುವ ಜಾಗದಲ್ಲಿ) ಬೆವರಿ ಮುದ್ದೆಯಾಗಿದ್ದರೆ ಬಿಡಬಹುದು, ಬಂದದ್ದರಲ್ಲಿ ಅರ್ಧ ಜೇಬಿಗೆ ಹಾಕಿಕೊಂಡು ಮುಂದುವರಿಯಬಹುದು. ಪಿಕ್ ಟಿಕೆಟ್ ಕೈಗೆ ಬಂದ ಮೇಲೆ ಇದ್ಯಾವುದೂ ಆಗದು. ಪಿಕ್-4ರಂಥದರಲ್ಲಿ ನಿಮ್ಮ ಕುದುರೆ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ, ಸಾಮಾನ್ಯವಾಗಿ ಆ ರೇಸಿನ ಫೇವರಿಟ್ಟನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ಮಳೆ ಬಂದು ಹುಲ್ಲಿನ ರೇಸು ಮಣ್ಣಿಗೆ ಬದಲಾಗುವ ಸೂಚನೆ ಇದ್ದ ದಿನ ಪಾರ್ಲೇಯೇ ವಾಸಿ.

ಆದರೆ ಮೊತ್ತದ ಮೇಲೆ ಕಣ್ಣಿಡಿ. ಮೇಲಿನ ದರದಲ್ಲೇ 100 ಡಾಲರಿನಿಂದ ಶುರು ಮಾಡಿದರೆ ಮೂರನೇ ರೇಸಿಗೆ 1,575 ಕಟ್ಟಬೇಕಾಗುತ್ತದೆ. ಸಣ್ಣ ಟ್ರ್ಯಾಕ್‌ನ ವಿನ್ ಪೂಲ್‌ಗೆ ಅಷ್ಟು ಬಿದ್ದರೆ ನಿಮ್ಮ ದುಡ್ಡೇ ನಿಮ್ಮ ಕುದುರೆಯ ದರ ಇಳಿಸುತ್ತದೆ. ಅಂಥ ಕಡೆ ಮೊದಲ ರೇಸಿಗೆ 10 ಡಾಲರ್ ಸಾಕು. ಜೊತೆಗೆ, ಫಲಿತಾಂಶ ಅಧಿಕೃತ ಎಂದು ಬೋರ್ಡಿನ ಮೇಲೆ ಬರುವವರೆಗೆ ಗೆದ್ದ ದುಡ್ಡು ಕೈಗೆ ಸಿಗದು. ತಕರಾರು ಎದ್ದರೆ ಮುಂದಿನ ರೇಸಿಗೆ ಕಟ್ಟಲು ಉಳಿಯುವ ಸಮಯ ಇನ್ನೂ ಕಡಿಮೆ.